ಕಾಕುವಿನ ಬಲಗಾಲು

ಕಳೆದ ವಾರ ಚೀಲ ಎತ್ತುವಾಗ ನನ್ನ ನಡು ಹಿಡಿಯಿತು. ಹೆಂಡತಿ ಹರಳೆಣ್ಣೆ ಬಿಸಿ ಮಾಡಿದಳು. ಆ ವಾಸನೆಗೆ ರಾಯಬಾಗದ ನಮ್ಮ ಓಣಿ, ಕಟ್ಟೆಯ ಮೇಲೆ ಕುಳಿತ ಪಕ್ಕದ ಮನೆಯಾಕೆ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು, ನೆನಪಾದರು...

ಕಾಕು ಹುಟ್ಟುವಾಗ ಕಾಲು ಮೊದಲು ಹೊರಬಂದಿತ್ತಂತೆ. ಹಾಗೆ ಹುಟ್ಟಿದವರ ಕಾಲು ತಾಗಿದರೆ ಹಿಡಿದ ನಡು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕಬ್ಬು ಕಡಿಯುವವರು, ದ್ರಾಕ್ಷಿ ತೋಟದವರು ಬಂದು ಬೋರಲು ಮಲಗುತ್ತಿದ್ದರು. ಕಾಕು ಬಲಗಾಲಿಗೆ ಹರಳೆಣ್ಣೆ ಸವರಿಕೊಂಡು ಮೆಲ್ಲಗೆ ಒದೆಯುತ್ತಿದ್ದರು. "ಮನ್ಯಾಗ ಹೆಂಡ್ತಿ ಒದ್ದದ್ದು ಸಾಲಲಿಲ್ಲೇನೋ ಭಾಡ್ಯಾ, ಇಲ್ಲಿತನಕ ಬಂದಿ?" ಎಂದು ನಗುತ್ತಿದ್ದರು. ಹಿಡಿದ ನಡು ಹೇಗೂ ಕೆಲವು ದಿನಕ್ಕೆ ಬಿಡುವಂಥದ್ದು. ಹೆಸರು ಮಾತ್ರ ಕಾಕುವಿನ ಕಾಲಿಗೆ ಬಂತು.

ಆಮೇಲೆ ಅವರ ಬೆನ್ನೇ ನೋಯತೊಡಗಿತು. ಮಲಗಿದರೂ ಬಿಡದ ನೋವು. ಮಗ ದವಾಖಾನೆಗೆ ಕರೆದರೆ ಒಪ್ಪಲಿಲ್ಲ. "ಊರಮಂದಿ ಬೆನ್ನ ನೆಟ್ಟಗ ಮಾಡಿದಾಕಿ ಡಾಕ್ಟರ್ ಕಡೆ ಹ್ವಾದ್ರ ನಗ್ತಾರಲೇ. ನನ್ನಂಗ ಕಾಲ ಮುಂದಾಗಿ ಹುಟ್ಟಿದವ್ರನ್ನ ಹುಡುಕು." ಉಗಾರ ಬುದ್ರುಕದಲ್ಲಿ ಅಂಥ ಒಬ್ಬ ಮುದುಕ ಸಿಕ್ಕ. ಕಬ್ಬಿನ ಹಂಗಾಮು ಮುಗಿಯುವವರೆಗೂ ಅವನಿಂದ ಒದೆಸಿಕೊಂಡು ಬಂದರು. ಒಂದು ದಿನ ಬಸ್ಸಿಳಿದು ನಡೆಯುವಾಗ ಬಲಗಾಲ ಚಪ್ಪಲಿ ಕಳಚಿ ಹಿಂದೆ ಉಳಿದದ್ದು ಅವರಿಗೆ ಗೊತ್ತೇ ಆಗಲಿಲ್ಲ... ಕೆಲವೇ ದಿನಗಳಲ್ಲಿ ಎರಡೂ ಕಾಲು ಸೋತವು.

ಹೊತ್ತುಕೊಂಡೇ ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ದೆವು. ಎಂಆರ್‌ಐ ನೋಡಿ ಡಾಕ್ಟರ್ ವಿವರಿಸಿದರು: ಬೆನ್ನೆಲುಬಿನ ಮಣಿಯೊಳಗೆ ರಕ್ತನಾಳಗಳ ಗಡ್ಡೆ. ಕ್ಯಾನ್ಸರ್ ಅಲ್ಲ. ಇಂಥವು ಬಹುಪಾಲು ಸುಮ್ಮನಿರುತ್ತವೆ. ಅಪರೂಪಕ್ಕೆ ಬೆಳೆದು ಬೆನ್ನುಹುರಿಯನ್ನು ಒತ್ತುತ್ತವೆ. ನೇರವಾಗಿ ಕೊಯ್ದರೆ ವಿಪರೀತ ರಕ್ತ ಹೋಗುತ್ತದೆ. ಮೊದಲು ತೊಡೆಯ ನಾಳದಿಂದ ಸಣ್ಣ ನಳಿಕೆ ತೂರಿಸಿ ಗಡ್ಡೆಗೆ ರಕ್ತ ಹೋಗುವ ದಾರಿ ಮುಚ್ಚಬೇಕು, ಆಮೇಲೆ ಶಸ್ತ್ರಚಿಕಿತ್ಸೆ.

ಕಾಕು ಕೇಳಿದ್ದು ಒಂದೇ: "ಕಾಲ ಬರತಾವೇನ್ರಿ ಸಾಹೇಬ್ರ?"

"ನಡಕೋತ ಬಂದಿದ್ರ ನಡಕೋತ ಹೋಗ್ತಿದ್ರೇನೋ, ಅವ್ವಾ."

ನೋವು ಹೋಯಿತು. ಕಾಲು ಬರಲಿಲ್ಲ.

ನಡು ಹಿಡಿದವರು ಮಾತ್ರ ಬರುವುದನ್ನು ಬಿಡಲಿಲ್ಲ. ಕಾಕು ಮಲಗಿದ್ದ ಹೊರಸಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಜೊತೆಗೆ ಬಂದವರು ಕಾಕುವಿನ ಸತ್ತ ಬಲಗಾಲನ್ನು ಎತ್ತಿ ಕೂತವರ ನಡುವಿಗೆ ತಾಗಿಸುತ್ತಿದ್ದರು. ಕಾಕು ಗೋಡೆ ನೋಡುತ್ತ ಮಲಗಿರುತ್ತಿದ್ದರು. "ತಾಗ್ತೇನ್ರೋ? ನನಗ ಗೊತ್ತಾಗಂಗಿಲ್ಲ."

ಕಾಕು ತೀರಿಕೊಂಡು ವರ್ಷಗಳಾದವು. ಅಂಥ ನಗು ಮತ್ತೆ ಆ ಓಣಿಯಲ್ಲಿ ಕೇಳಿಲ್ಲ. ಎಣ್ಣೆ ತಿಕ್ಕುತ್ತ ಹೆಂಡತಿ ಹೇಳಿದಳು: "ಮುಗಳಖೋಡದಾಗ ಕಾಲ ಮುಂದಾಗಿ ಹುಟ್ಟಿದ ಹುಡಿಗಿ ಒಬ್ಬಾಕಿ ಅದಾಳಂತ. ಹೋಗಿ ಬರೂಣೇನ್ರಿ?"

"ಆಕಿಗೆ ಬೆನ್ನ ನೋವು ಬಂದ್ರ ಎಲ್ಲಿಗೆ ಒಯ್ತಾರಂತ?" ಎಂದು ಕೇಳಿದೆ.

ಅವಳು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.