ಧಾರೆ ಸೀರೆಯ ಮೇಲೆ ನನ್ನ ಮುಖ

ಎರಡು ವರ್ಷದ ಹಿಂದಿನ ಮೇ ತಿಂಗಳು. ನಮ್ಮಣ್ಣನ ಮಗಳು ಚೈತ್ರಾಳ ಮದುವೆ, ಪಲ್ಲಾವರಂನ ಒಂದು ಕಲ್ಯಾಣ ಮಂಟಪದಲ್ಲಿ. ಅಣ್ಣ ರೈಲ್ವೆಯಲ್ಲಿದ್ದಾನೆ, ನಾನು ಬ್ಯಾಂಕಿನಲ್ಲಿದ್ದೇನೆ. ಇಬ್ಬರೂ ಮಂಡ್ಯದ ಕಡೆಯಿಂದ ಬಂದು ಚೆನ್ನೈಯಲ್ಲೇ ನೆಲೆ ನಿಂತವರು. ಗಂಡಿನವರು ಮೈಸೂರಿನವರಾದರೂ ನಮ್ಮ ಅನುಕೂಲಕ್ಕೆಂದು ಇಲ್ಲೇ ಮದುವೆ ಮಾಡಲು ಒಪ್ಪಿ, ಹಿಂದಿನ ದಿನವೇ ರೈಲಿನಲ್ಲಿ ಬಂದಿಳಿದಿದ್ದರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಟ್ಟೆಗೆ ಏನೇ ಅಂಟಿಕೊಂಡರೂ ನಮ್ಮ ಬಂಧುಬಳಗ ಫೋನ್ ಮಾಡುವುದು ನನಗೇ. ಅರಿಶಿನ, ಸಾರು, ಕಾಫಿ, ಪೆನ್ನಿನ ಇಂಕು, ದೀಪದ ಎಣ್ಣೆ, ಯಾವುದೇ ಇರಲಿ, ಕೇಳಿದ ಕೂಡಲೇ ಉಪಾಯ ಹೇಳುತ್ತೇನೆ. ಜಂಬ ಅಂದರೆ ಜಂಬವೇ, ನಾನೇನೂ ಮುಚ್ಚಿಡುವುದಿಲ್ಲ. ಆದರೆ ಮೇಕಪ್ಪಿನ ಕಲೆ ತೆಗೆಯುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಐವತ್ತೆರಡು ವರ್ಷ ಮುಖಕ್ಕೆ ಪೌಡರ್ ಬಿಟ್ಟು ಇನ್ನೇನನ್ನೂ ಹಚ್ಚದವಳಿಗೆ ಹೇಗೆ ಗೊತ್ತಿರಬೇಕು?

ಚೈತ್ರಾಳ ಮೇಕಪ್ಪಿಗೆ ವೇಲಚೇರಿಯಿಂದ ಮಲರ್ ಎಂಬ ಹುಡುಗಿ ಬಂದಿದ್ದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸಿರಬೇಕು. ಪಾರ್ಲರಿನ ಕೆಲಸ ಬಿಟ್ಟು ಸ್ವಂತವಾಗಿ ಒಪ್ಪಿಕೊಂಡ ಮೊದಲ ಮದುವೆ ಇದು. ನಮ್ಮ ಅತ್ತಿಗೆಯ ಫ್ಲಾಟ್ ಇರುವ ಕಟ್ಟಡದಲ್ಲೇ ಇನ್ನೆರಡು ಮನೆಗಳಲ್ಲಿ ಮದುವೆ ಗೊತ್ತಾಗಿತ್ತು. ಆ ಇಬ್ಬರು ತಾಯಂದಿರೂ ಇವಳ ಕೈಚಳಕ ನೋಡಿ ತೀರ್ಮಾನ ಮಾಡೋಣ ಎಂದುಕೊಂಡೇ ಬಂದಿದ್ದರು. ಇಲ್ಲಿ ಹೆಸರು ಬಂದರೆ ತಾನು ಗೆದ್ದ ಹಾಗೆ, ಕೆಟ್ಟರೆ ಮತ್ತೆ ಪಾರ್ಲರಿಗೇ ಹೋಗಿ ನಿಲ್ಲಬೇಕು ಎಂದು ಮಲರ್ ನನ್ನ ಹತ್ತಿರ ತಮಿಳಿನಲ್ಲಿ ಹೇಳಿಕೊಂಡಳು. ಹೇಳಿದ್ದು ನನ್ನ ಮುಖಕ್ಕೆ ಬಣ್ಣ ಹಚ್ಚುವಾಗ. ಚೈತ್ರಾ ಹಟ ಹಿಡಿದು ನನ್ನನ್ನೂ ಕುರ್ಚಿಯಲ್ಲಿ ಕೂರಿಸಿದ್ದಳು. ಮಲರ್ ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ತನ್ನ ಕೈಯ ಹಿಂಬದಿಯಲ್ಲಿ ಎರಡು ಬಣ್ಣ ಬೆರೆಸಿ, ನನ್ನ ಮೈಬಣ್ಣಕ್ಕೆ ಹೊಂದಿಸಿ ಹಚ್ಚಿದಳು. ಕನ್ನಡಿ ನೋಡಿಕೊಂಡೆ. ಪರವಾಗಿಲ್ಲ, ಚೆನ್ನಾಗಿಯೇ ಇದ್ದೆ.

ಇಲ್ಲಿನ ಮದುವೆಗಳಲ್ಲಿ ಮುಹೂರ್ತಕ್ಕೆ ಕೆಂಪು ಸೀರೆಗಳೇ ಹೆಚ್ಚು. ನಮ್ಮಲ್ಲಿ ಧಾರೆಗೆ ಕೆಂಪಂಚಿನ ಬಿಳಿ ರೇಷ್ಮೆ ಸೀರೆ. ಚೈತ್ರಾಳ ಸೋದರಮಾವ ಅದನ್ನು ಕೊಳ್ಳೇಗಾಲದಲ್ಲಿ ಹೇಳಿ ನೇಯಿಸಿ ತಂದಿದ್ದರು. ಅದನ್ನು ಬಿಚ್ಚಿ ತೋರಿಸಿದಾಗ ಮಲರ್ ಹೌಹಾರಿದಳು. ಇಷ್ಟು ಬಿಳಿ ಸೀರೆ, ಇಷ್ಟು ಸೆಕೆ, ಬೆವರಿಗೆ ಬಣ್ಣ ಇಳಿದರೆ ಏನು ಗತಿ ಎಂದಳು. ಸೀರೆ ಉಡಿಸಿ ಮುಗಿಸಿದ ಮೇಲೆ ಚೈತ್ರಾಳ ಕುತ್ತಿಗೆಯಿಂದ ಭುಜದವರೆಗೆ ಒಂದು ಹತ್ತಿ ಟವಲ್ ಸುತ್ತಿ ಪಿನ್ ಹಾಕಿದಳು. ಮಂಟಪಕ್ಕೆ ಹೊರಡುವವರೆಗೂ ಅದನ್ನು ಯಾರೂ ತೆಗೆಯಬಾರದು ಎಂದು ಹೇಳಿ, ಅತ್ತಿಗೆಗೆ ಹೂ ಮುಡಿಸಲು ಪಕ್ಕದ ಕೋಣೆಗೆ ಹೋದಳು.

ಮಹಡಿಯ ಆ ಕೋಣೆಯಲ್ಲಿ ಉಳಿದವರು ನಾನು, ಚೈತ್ರಾ ಇಬ್ಬರೇ. ಮದುಮಗಳು ಕ್ಷೌರಕ್ಕೆ ಕೂತವಳ ಹಾಗೆ ಟವಲ್ ಸುತ್ತಿಕೊಂಡು ಕೂತಿರುವುದು ನನ್ನ ಕಣ್ಣಿಗೆ ಹಿಡಿಸಲಿಲ್ಲ. ಒಂದು ಫೋಟೋ ತೆಗೆಯುತ್ತೇನೆ ಇರು ಎಂದು ಪಿನ್ ಬಿಚ್ಚಿ ಟವಲ್ ತೆಗೆದೆ. ಬಿಳಿ ಸೀರೆಯಲ್ಲಿ ಅವಳು ಎದ್ದು ನಿಂತಾಗ ನನಗೆ ತಡೆಯಲಾಗಲಿಲ್ಲ. ಮೂರು ತಿಂಗಳ ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದ ಮಗು. ಬಾಚಿ ತಬ್ಬಿಕೊಂಡು ಅವಳ ಭುಜದ ಮೇಲೆ ಮುಖ ಇಟ್ಟು ಅತ್ತುಬಿಟ್ಟೆ.

ತಲೆ ಎತ್ತಿ ನೋಡುತ್ತೇನೆ, ಎಡಭುಜದ ಹಿಂದೆ ಸೆರಗಿನ ಮೇಲೆ ರೂಪಾಯಿ ನಾಣ್ಯದಷ್ಟು ಅಗಲ ಕಂದು ಬಣ್ಣ. ನನ್ನ ಮುಖ ಅಲ್ಲಿ ಅಚ್ಚೊತ್ತಿತ್ತು. ಆದರೂ ಧೈರ್ಯ ಬಿಡಲಿಲ್ಲ. ಸೆರಗು ಸರಿ ಮಾಡುತ್ತೇನೆ, ಅಲ್ಲಾಡಬೇಡ ಎಂದು ಚೈತ್ರಾಳಿಗೆ ಹೇಳಿ, ಕರ್ಚೀಫನ್ನು ಬಾಟಲಿಯ ನೀರಿನಲ್ಲಿ ಅದ್ದಿ ಹಿಂದಿನಿಂದ ಉಜ್ಜಿದೆ. ಎಷ್ಟು ಕಲೆ ತೆಗೆದ ಕೈ ಇದು, ಇದೇನು ಮಹಾ ಎಂದುಕೊಂಡೆ. ನಾಲ್ಕು ಸಲ ಉಜ್ಜುವಷ್ಟರಲ್ಲಿ ನಾಣ್ಯದಷ್ಟಿದ್ದದ್ದು ಅಂಗೈಯಷ್ಟಾಯಿತು. ಸುತ್ತ ನೀರಿನ ಗೆರೆ ಬೇರೆ ಎದ್ದಿತು.

ಅದೇ ಹೊತ್ತಿಗೆ ಬಾಗಿಲು ತೆರೆದು ಅತ್ತಿಗೆ, ಮಲರ್, ಹಿಂದೆಯೇ ಫ್ಲಾಟಿನ ಆ ಇಬ್ಬರು ಹೆಂಗಸರು ಒಳಗೆ ಬಂದರು. ಅತ್ತಿಗೆಯ ಕಣ್ಣು ಮೊದಲು ಬಿದ್ದದ್ದೇ ಭುಜದ ಮೇಲೆ. ಅವರು ಯಾರನ್ನೂ ಏನೂ ಕೇಳಲಿಲ್ಲ. ನೇರವಾಗಿ ಮಲರ್ ಕಡೆ ತಿರುಗಿ, ಕನ್ನಡ ತಮಿಳು ಎರಡೂ ಬೆರೆಸಿ ಬೈಯತೊಡಗಿದರು. ಬಿಳಿ ಸೀರೆ ಅಂತ ಬಾಯಿ ಬಡಕೊಂಡು ಹೇಳಿದ್ದೆ, ಕೈ ತೊಳೆದುಕೊಂಡು ಮುಟ್ಟಬಾರದಾ, ಕೆಲಸ ಬಾರದವರೆಲ್ಲ ಯಾಕೆ ಒಪ್ಪಿಕೊಂಡು ಬರುತ್ತೀರಿ ಎಂದರು. ಚೈತ್ರಾ ಗಾಬರಿಯಾಗಿ ಕತ್ತು ತಿರುಗಿಸಿ ಏನಾಯಿತು, ಏನಾಯಿತು ಎನ್ನುತ್ತಿದ್ದಳು. ಬಾಗಿಲ ಬಳಿ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಲರ್ ಹತ್ತಿರ ಬಂದು ಬಗ್ಗಿ ಕಲೆ ನೋಡಿದಳು. ಆಮೇಲೆ ಕುರ್ಚಿಯ ಮೇಲೆ ಬಿದ್ದಿದ್ದ ಟವಲ್ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಒಂದು ಮಾತೂ ಆಡಲಿಲ್ಲ.

ನಾನೂ ಆಡಲಿಲ್ಲ. ಒದ್ದೆ ಕರ್ಚೀಫನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದು, ಕಂಬದ ಹಾಗೆ ನಿಂತಿದ್ದೆ. ಕೆಳಗೆ ಗಂಡಿನವರು ಕಾಯುತ್ತಿದ್ದಾರೆ, ಈಗ ಹೇಳಿದರೆ ಇನ್ನಷ್ಟು ರಂಪ ಆಗುತ್ತದೆ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಸಬೂಬು ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅತ್ತಿಗೆ ಮಲರ್‌ಳ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಹೇಳಿದರು:

"ನೀನು ಹೊರಡಮ್ಮ, ಮಾಡಿದ್ದು ಸಾಕು. ನಮ್ಮ ನಳಿನಿ ಇದಾಳೆ, ಅವಳು ತೆಗೀತಾಳೆ."

ಅವರು ನನ್ನ ಮೇಲಿಟ್ಟ ನಂಬಿಕೆಗೆ ನಾನು ನಾಚಿಕೆಯಿಂದ ಕುಗ್ಗಿಹೋದೆ. ಮಲರ್ ಬಗ್ಗಿ ತನ್ನ ಬ್ರಶ್‌ಗಳನ್ನು ಎತ್ತಿಕೊಳ್ಳತೊಡಗಿದ್ದಳು. ಇನ್ನು ತಡೆಯುವುದು ನನ್ನಿಂದ ಆಗಲಿಲ್ಲ.

"ಅತ್ತಿಗೆ, ಅವಳೇನೂ ಮಾಡಿಲ್ಲ," ಎಂದೆ. "ಟವಲ್ ತೆಗೆದಿದ್ದು ನಾನು. ತಬ್ಬಿಕೊಂಡು ಬಣ್ಣ ಮೆತ್ತಿದ್ದು ನಾನು. ನೀರು ಹಾಕಿ ಉಜ್ಜಿ ಹಾಳು ಮಾಡಿದ್ದೂ ನಾನೇ. ನನ್ನ ಕೆನ್ನೆ ನೋಡಿ ಬೇಕಾದ್ರೆ."

ಫ್ಲಾಟಿನ ಹೆಂಗಸರಿಗೂ ತಿಳಿಯಲಿ ಎಂದು ಅದನ್ನೇ ತಮಿಳಿನಲ್ಲೂ ಹೇಳಿದೆ. ನನ್ನ ಎಡಗೆನ್ನೆಯ ಬಣ್ಣ ಅರ್ಧ ಹೋಗಿತ್ತಂತೆ, ಆಮೇಲೆ ಚೈತ್ರಾ ಹೇಳಿದಳು. ಅತ್ತಿಗೆ ನನ್ನನ್ನು ನೋಡಿದ ನೋಟ ಮಾತ್ರ ನನಗೆ ಯಾವತ್ತೂ ಮರೆಯುವುದಿಲ್ಲ. ಆದರೆ ಬೈಯಲು ಯಾರಿಗೂ ಪುರುಸೊತ್ತಿರಲಿಲ್ಲ. ಕೆಳಗಿನಿಂದ ಪುರೋಹಿತರು, ಇಪ್ಪತ್ತು ನಿಮಿಷದಲ್ಲಿ ಹೆಣ್ಣನ್ನು ಕರೆತನ್ನಿ ಎಂದು ಹೇಳಿ ಕಳಿಸಿದ್ದರು. ನಾನು ಮಲರ್‌ಳ ಕೈ ಹಿಡಿದು, ನೀನೇ ತೆಗೆಯಬೇಕು, ನನ್ನ ಕೈಲಿ ಆಗುವುದಲ್ಲ ಎಂದೆ. ಗಾಬರಿಯಲ್ಲಿ ನನ್ನ ಕೈ ಮತ್ತೆ ನೀರಿನ ಬಾಟಲಿಗೆ ಹೋಯಿತು.

"ತಣ್ಣಿ ವೇಂಡಾಂ ಅಕ್ಕಾ," ನೀರು ಬೇಡವೇ ಬೇಡ ಎಂದು ಅವಳು ಬಾಟಲಿಯನ್ನು ನನ್ನ ಕೈಯಿಂದ ಕಿತ್ತು ದೂರ ಇಟ್ಟಳು.

ಆಮೇಲೆ ಅವಳು ಮಾಡಿದ್ದನ್ನು ಕಣ್ಣು ಮಿಟುಕಿಸದೆ ನೋಡಿದೆ. ಸೆರಗಿನ ಆ ಭಾಗವನ್ನು ಭುಜದಿಂದ ಬಿಡಿಸಿ, ಕೆಳಗೆ ಟಿಶ್ಯೂ ಕಾಗದ ಇಟ್ಟು, ಮೇಲಿನಿಂದಲೂ ಟಿಶ್ಯೂ ಒತ್ತಿ ಒತ್ತಿ ತೆಗೆದಳು. ಉಜ್ಜುವ ಮಾತೇ ಇಲ್ಲ. ಹೇರ್ ಡ್ರೈಯರಿನ ತಣ್ಣನೆ ಗಾಳಿ ಹಿಡಿದು ಒದ್ದೆ ಆರಿಸಿದಳು. ಇದು ಎಣ್ಣೆಯ ಜಾತಿಯದು, ನೀರಿಗೆ ಬಗ್ಗುವುದಿಲ್ಲ, ಹರಡುತ್ತದೆ ಅಷ್ಟೇ ಎಂದು ವಿವರಿಸುತ್ತ, ಕಲೆ ಮುಚ್ಚುವಷ್ಟು ಟಾಲ್ಕಂ ಪೌಡರ್ ಸುರಿದು ಐದು ನಿಮಿಷ ಬಿಟ್ಟಳು. ಮೆತ್ತನೆ ಬ್ರಶ್ಶಿನಿಂದ ಉದುರಿಸಿದಾಗ ಪೌಡರೇ ಕಂದು ಬಣ್ಣವಾಗಿತ್ತು. ಮತ್ತೆ ಪೌಡರ್, ಮತ್ತೆ ಬ್ರಶ್. ಕೊನೆಗೆ ಮುಖದ ಬಣ್ಣ ತೆಗೆಯುವ ದ್ರವವನ್ನು ಸೀರೆಯ ಒಳಗಿನ ತುದಿಗೆ ಒಂದು ಹನಿ ಹಚ್ಚಿ, ಏನೂ ಆಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹತ್ತಿಯಲ್ಲಿ ಅದ್ದಿ ಹೊರಗಿನಿಂದ ಒಳಕ್ಕೆ ಒತ್ತುತ್ತ ಬಂದಳು. ಉಳಿದ ಒಂದು ಮಸುಕು ನೆರಳು, ಸೆರಗಿನ ನೆರಿಗೆಯನ್ನು ಅರ್ಧ ಇಂಚು ಸರಿಸಿ ಪಿನ್ ಹಾಕಿದ ಕೂಡಲೇ ಒಳಗೆ ಸೇರಿಹೋಯಿತು.

ಹದಿನೆಂಟನೇ ನಿಮಿಷಕ್ಕೆ ಚೈತ್ರಾ ಸೋದರಮಾವನ ಕೈ ಹಿಡಿದು ಮೆಟ್ಟಿಲು ಇಳಿದಳು. ಮದುವೆಯ ಫೋಟೋಗಳಲ್ಲಿ ಹುಡುಕಿದರೂ ಆ ಜಾಗ ಸಿಗುವುದಿಲ್ಲ, ನಾನು ಹುಡುಕಿದ್ದೇನೆ. ಅತ್ತಿಗೆ ಇಳಿಯುವ ಮುಂಚೆ ಮಲರ್‌ಳ ಎದುರು ನಿಂತು, ಆ ಇಬ್ಬರು ಹೆಂಗಸರ ಮುಂದೆಯೇ, ತಪ್ಪಾಯಿತಮ್ಮ ಎಂದರು. ಆ ಎರಡೂ ಮದುವೆಗಳಿಗೆ ಆಮೇಲೆ ಮೇಕಪ್ ಮಾಡಿದ್ದು ಮಲರೇ.

ಈಗ ನನಗೆ ಈ ವಿದ್ಯೆಯೂ ಬರುತ್ತದೆ. ಬಣ್ಣ ಹಚ್ಚಿದ ಮೇಲೆ ಪೌಡರ್ ಒತ್ತಿ ಅದು ಬಟ್ಟೆಗೆ ಮೆತ್ತದಂತೆ ಕೂರಿಸಿಕೊಳ್ಳಿ, ತಲೆ ಮೇಲಿಂದ ಎಳೆದು ಹಾಕುವ ಬಟ್ಟೆಯಾದರೆ ಮೊದಲೇ ಹಾಕಿಕೊಂಡುಬಿಡಿ, ಭುಜಕ್ಕೆ ಸುತ್ತಿದ ಟವಲನ್ನು ಸುತ್ತಿದವರೇ ತೆಗೆಯಲಿ. ಇದನ್ನೆಲ್ಲ ಹೇಳುವಾಗ ನನ್ನ ದನಿ ಮೊದಲಿನಷ್ಟೇ ಗಟ್ಟಿ.

ಆದರೆ ಅವತ್ತು ಊಟದ ಮೇಲೆ ಮಲರ್ ಪೆಟ್ಟಿಗೆ ಕಟ್ಟುತ್ತಿದ್ದಾಗ ನಾನು ಅವಳನ್ನು ಕೇಳಿದ್ದೆ. ನಾನೇ ಎಂದು ನಿನಗೆ ಗೊತ್ತಾಗಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು. ಅವಳು ಪೆಟ್ಟಿಗೆಯ ಜಿಪ್ ಎಳೆಯುತ್ತಲೇ ತಮಿಳಿನಲ್ಲಿ ಹೇಳಿದಳು:

"ನೋಡಿದ ಕೂಡಲೇ ಗೊತ್ತಾಯ್ತು ಅಕ್ಕಾ. ನಿಮ್ಮ ಮುಖದ ಬಣ್ಣ ಬೆಳಿಗ್ಗೆ ಬೆರೆಸಿದ್ದು ನಾನೇ ಅಲ್ವಾ? ಆದ್ರೆ ನಾನು ಹೇಳಿದ್ರೆ ಯಾರು ನಂಬ್ತಾ ಇದ್ರು? ನೀವು ಹೇಳ್ತೀರಾ ಅಂತ ಕಾಯ್ತಾ ಇದ್ದೆ."

ಹೆಚ್ಚೆಂದರೆ ಎರಡು ನಿಮಿಷ ಕಾಯಿಸಿರಬಹುದು ನಾನು. ಆ ಎರಡು ನಿಮಿಷ ನೆನಪಾದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.