ಮಗ್ಗ ಮಾರಿದ ಪಾಂಡುರಂಗಪ್ಪ

ಚಳ್ಳಕೆರೆಯ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಹರವಿ ತೋರಿಸುವ ಪಾಂಡುರಂಗಪ್ಪ ದಿನಕ್ಕೆ ಹತ್ತು ಸಲವಾದರೂ, "ಮೊಳಕಾಲ್ಮುರದಾಗೆ ಮಗ್ಗ ಮಾರಿ ಬಂದಿದ್ದೇ ಒಳ್ಳೇದಾತು ಕಣ್ರಿ, ಸೊಂಟನಾದ್ರೂ ಉಳೀತು" ಎನ್ನುತ್ತಾನೆ. ಗಿರಾಕಿ ಇಲ್ಲದಾಗ ತಲೆಯ ಮೇಲಿನ ಫ್ಯಾನಿಗೂ ಅದನ್ನೇ ಹೇಳುತ್ತಾನೆ. ಸೆರಗನ್ನು ತನ್ನ ಹೆಗಲಿಗೇ ಹೊದ್ದು ಮದುವಣಗಿತ್ತಿಯಂತೆ ನುಲಿಯುತ್ತಾನೆ, ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು ದೇವರ ಮೇಲೆ ಆಣೆಯಿಟ್ಟು ಮಾರುತ್ತಾನೆ. ಮೊನ್ನೆ ಲಕ್ಷ್ಮಕ್ಕನೆಂಬ ಮುದುಕಿ ತನ್ನ ಮಗಳ ಮದುವೆಯ ಹಳೇ ರೇಷ್ಮೆ ಸೀರೆಯನ್ನು ಬಿಚ್ಚಿಟ್ಟು, "ಮೊಮ್ಮಗಳಿಗೂ ಇಂಥದ್ದೇ ಬೇಕಂತೆ, ಐತೇನಪ್ಪಾ?" ಎಂದಳು. ಸೆರಗಿನ ನವಿಲಿಗೆ ಕೆಂಪು ಕಣ್ಣು. ಮೊಳಕಾಲ್ಮುರದಲ್ಲಿ ನವಿಲಿಗೆ ಕೆಂಪು ಕಣ್ಣು ನೇಯುತ್ತಿದ್ದವನು ಪಾಂಡುರಂಗಪ್ಪನೊಬ್ಬನೇ. ಅವನು ಬಹಳ ಹೊತ್ತು ಆ ಕಣ್ಣನ್ನು ಬೆರಳಲ್ಲಿ ಸವರಿದ, ಸೀರೆಯನ್ನು ಮೊದಲಿನ ಮಡಿಕೆಗೇ ಮಡಿಸಿ ಅವಳ ಕೈಗಿಟ್ಟ. "ಇಂಥವು ಈಗ ಸಿಗಲ್ಲ," ಎಂದ. "ಇದನ್ನ ನೇಯ್ದೋನು ಸತ್ತೋದ ಕಣವ್ವ."