ಎಲೆಕೋಸಿಗೆ ಹೊಡೆದ ಮದ್ದು

ನಫೀಸಾ, ನಿನ್ನ ಅತ್ತೆ ಆಸ್ಪತ್ರೆ ಸೇರಿದ್ದು ಗುಲಾಬಿಯಕ್ಕ ಮಾರಿದ ಬಂಗುಡೆ ಮೀನಿನಿಂದಲ್ಲ, ನನ್ನ ಎಲೆಕೋಸಿನಿಂದ. ಮೂರು ವರ್ಷದಿಂದ ಇದು ನನಗೊಬ್ಬಳಿಗೇ ಗೊತ್ತು.

ಶಾಲೆಯಿಂದ ನಿವೃತ್ತಳಾದ ಮೇಲೆ ಉರ್ವದಲ್ಲಿ ನನಗೆ ಉಳಿದಿದ್ದ ಹೆಸರು ಒಂದೇ — ಮದ್ದು ಹೊಡೆಯದೆ ತಾರಸಿಯಲ್ಲಿ ತರಕಾರಿ ಬೆಳೆಯುವ ಟೀಚರ್. ಈ ಸೆಕೆಯ ಊರಿನಲ್ಲಿ ಎಲೆಕೋಸು, ಹೂಕೋಸು ಬರುವುದೇ ದೊಡ್ಡ ಮಾತು. ಪಕ್ಕದ ಮನೆಯ ನೀನು ದಿನಾ ಬೆಳಿಗ್ಗೆ ಬಂದು, ನನ್ನ ಜೊತೆ ಎಲೆ ಮಗುಚಿ, ಹಸಿರು ಹುಳುಗಳನ್ನು ಹೆಕ್ಕಿ ಸೋಪಿನ ನೀರಿಗೆ ಹಾಕುತ್ತಿದ್ದೆ. ನಾನಿಲ್ಲದಿದ್ದರೂ ಬೇಕಾದ್ದನ್ನು ಕೊಯ್ದುಕೋ ಎಂದು ನಿನಗೆ ಹೇಳಿದವಳು ನಾನೇ.

ಆ ವರ್ಷ ಹುಳು ನಿಲ್ಲಲಿಲ್ಲ. ಹೆಕ್ಕಿದಷ್ಟೂ ಮರುದಿನ ಇರುತ್ತಿದ್ದವು. ಬೇವಿನ ಎಣ್ಣೆ ಸಿಂಪಡಿಸಿದೆ, ಬಲೆ ಕಟ್ಟಿದೆ — ಎಲೆಗಳು ಜರಡಿಯಾದವು. ಭಾನುವಾರ ಕೈತೋಟದ ಬಳಗದವರು ನೋಡಲು ಬರುವುದಿತ್ತು. ಕಂಕನಾಡಿಯ ಒಂದು ಅಂಗಡಿಗೆ ಹೋದೆ. ಅಂಗಡಿಯವನು ಸಣ್ಣ ಬಾಟಲಿಯನ್ನು ಕಾಗದದಲ್ಲಿ ಸುತ್ತುತ್ತ ಹೇಳಿದ, "ಹೊಡೆದ ಮೇಲೆ ಹದಿನೈದು ದಿವಸ ಕೊಯ್ಯಬೇಡಿ ಅಮ್ಮ. ಇದು ಸ್ಟ್ರಾಂಗ್ ಉಂಟು."

ನೀನು ತವರಿಗೆ ಹೋಗಿದ್ದ ದಿನ ಹೊಡೆದೆ. ಮರುದಿನ ಹುಳುಗಳು ಕಪ್ಪಾಗಿ ಮಣ್ಣಿನ ಮೇಲೆ ಬಿದ್ದಿದ್ದವು. ಇರುವೆಗಳೂ ಕಾಣಲಿಲ್ಲ. ಗುಡಿಸಿ ಎಸೆದೆ; ನಿನಗೆ ಹೇಳಲಿಲ್ಲ.

ಎರಡು ದಿನ ಕಳೆದು, ಅತ್ತಾವರದ ತಂಗಿಯ ಮನೆಯಿಂದ ಸಂಜೆ ಮರಳಿದಾಗ ತಾರಸಿಯಲ್ಲಿ ಗಿಡ ನೆಟ್ಟ ಒಂದು ಚೀಲದಲ್ಲಿ ಬರಿಯ ದಂಟಿತ್ತು. ಕೊಯ್ದ ಜಾಗ ಇನ್ನೂ ಹಸಿಯಾಗಿತ್ತು. ಫೋನ್ ನನ್ನ ಕೈಯಲ್ಲೇ ಇತ್ತು. ತಿನ್ನಬೇಡ — ಇಷ್ಟು ಸಾಕಿತ್ತು. ಆದರೆ ಯಾಕೆಂದು ನೀನು ಕೇಳುತ್ತಿದ್ದೆ. ತೊಳೆದಿರುತ್ತಾಳೆ, ಬೇಯಿಸಿದರೆ ಹೋಗುತ್ತದೆ, ಅಷ್ಟಕ್ಕೂ ಒಂದು ಎಲೆಕೋಸು... ಹೀಗೆ ಅಂದುಕೊಳ್ಳುತ್ತ ನಿಮ್ಮ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತ ನಿಂತೆ. ಒಗ್ಗರಣೆಯ ವಾಸನೆ ಬಂತು. ಆಗಲೂ ಸಮಯವಿತ್ತು.

ಬೆಳಗಾಗುವಾಗ ನಿಮ್ಮ ಗೇಟಿಗೆ ರಿಕ್ಷಾ ಬಂತು. ನಿಮಗೆಲ್ಲ ವಾಂತಿ, ಅತ್ತೆಗೆ ಮಾತ್ರ ಮೈಯೆಲ್ಲ ಬೆವರು, ಪ್ರಜ್ಞೆಯೂ ಸರಿಯಾಗಿಲ್ಲ. ನಾನೂ ಜೊತೆಗೆ ಬಂದೆ. ನಿನ್ನೆ ಎಂತ ತಿಂದದ್ದು ಎಂದು ಡಾಕ್ಟರ್ ಕೇಳಿದರು.

"ಬಂಗುಡೆ ಸಾರು. ಮತ್ತೆ ಕ್ಯಾಬೇಜ್ ಪಲ್ಯ. ಕ್ಯಾಬೇಜ್ ಟೀಚರ ಮನೆಯದ್ದು, ಮದ್ದು ಹೊಡೆಯದ್ದು," ಎಂದು ಹೇಳಿ ನೀನು ನನ್ನ ಕಡೆ ತಿರುಗಿದೆ. "ಅಲ್ವಾ ಟೀಚರ್?"

"ಹೌದು," ಎಂದೆ.

ಬಾಟಲಿಯ ಮೇಲಿನ ಹೆಸರು ನನಗೆ ಬಾಯಿಪಾಠವಾಗಿತ್ತು. ಅದನ್ನು ಹೇಳಿದ್ದರೆ ಚಿಕಿತ್ಸೆ ಆಗಲೇ ಬೇರೆಯಾಗುತ್ತಿತ್ತೋ — ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ನಿನ್ನ ಅತ್ತೆ ಬದುಕಿದರು. ಆದರೆ ಮೆಟ್ಟಿಲು ಹತ್ತಿ ನನ್ನ ಗಿಡ ನೋಡಲು ಬರುತ್ತಿದ್ದವರಿಗೆ ಮತ್ತೆ ಮೆಟ್ಟಿಲು ಹತ್ತಲಾಗಲಿಲ್ಲ. ಭಾನುವಾರ ಬಂದ ಬಳಗದವರು ನನ್ನ ಎಲೆಕೋಸಿನ ಫೋಟೊ ತೆಗೆದುಕೊಂಡು ಹೋದರು.

ಗುಲಾಬಿಯಕ್ಕ ಬುಟ್ಟಿ ಇಳಿಸಿ ನಮ್ಮ ಬೀದಿಯಲ್ಲಿ ನಿಂತು ಹೇಳಿದ್ದು ನಿನಗೆ ನೆನಪಿರಬಹುದು. "ಬೆಳಿಗ್ಗೆ ದಕ್ಕೆಯಲ್ಲಿ ಬೋಟಿನಿಂದ ಇಳಿಸಿ ತಂದ ಮೀನು. ನಾನೂ ಅದನ್ನೇ ತಿಂದದ್ದು." ಯಾರೂ ನಂಬಲಿಲ್ಲ. ಎಲ್ಲರಿಗಿಂತ ಮೊದಲು ಗೇಟು ಹಾಕಿದವಳು ನಾನು.

ಕಳೆದ ವಾರ ಅವಳನ್ನು ಮಾರ್ಕೆಟ್ಟಿನಲ್ಲಿ ಕಂಡೆ. ಈಗ ಬೇರೆಯವರ ಮೀನು ಕತ್ತರಿಸಿಕೊಡುವ ಕೆಲಸ. ನನ್ನನ್ನು ನೋಡಿ ಕತ್ತಿ ಕೆಳಗಿಟ್ಟಳು.

"ನಫೀಸಾನ ಅತ್ತೆ ಹೇಗಿದ್ದಾರೆ ಟೀಚರ್? ಆ ದಿವಸ ನನ್ನ ಮೀನಲ್ಲೇ ಎಂತದೋ ಇದ್ದಿರಬೇಕು. ನನಗೆ ಗೊತ್ತಾಗಲಿಲ್ಲ."

ನಾನು ಹೇಳಿದ ಸುಳ್ಳನ್ನು ಅವಳೇ ನಂಬಿಬಿಟ್ಟಿದ್ದಾಳೆ, ನಫೀಸಾ.

ಈ ಕಾಗದವನ್ನು ನಾನೇ ತಂದು ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ನಿಮ್ಮ ಬಾಗಿಲಲ್ಲೇ ನಿಂತಿರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಆಮೇಲೆ ಮಾರ್ಕೆಟ್ಟಿಗೆ ಹೋಗಿ, ಗುಲಾಬಿಯಕ್ಕನ ಎದುರು, ಸುತ್ತ ಇರುವವರೆಲ್ಲ ಕೇಳುವಂತೆ ಹೇಳುತ್ತೇನೆ. ನೀನು ಬಂದರೆ ಜೊತೆಗೆ, ಬಾರದಿದ್ದರೆ ನಾನೊಬ್ಬಳೇ.